‘ನರ ಬ್ಲಾಕ್’ ಎಂಬ ಪರಿಭಾಷೆಯ ವಿಮರ್ಶೆ

ಶಾಸ್ತ್ರಾಂತರಗಳಿಂದ ಕನ್ನಡಕ್ಕೆ ಬರುವ ಪಾರಿಭಾಷಿಕ ಶಬ್ದಗಳ ಸಾಧುತ್ವವನ್ನು ವ್ಯಾಕರಣದೃಷ್ಟಿಯಿಂದ ಪರೀಕ್ಷಿಸುವುದು ಪಂಡಿತರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಸಂಧಿಸಮಾಸಗಳು ನೆಟ್ಟಗಿದ್ದರೆ ಶಬ್ದವು ಸಾಧು, ಇಲ್ಲವಾದರೆ ಅಸಾಧು. ಈ ಪರೀಕ್ಷೆ ಅವಶ್ಯವಾದುದೇ ಸರಿ. ಆದರೆ ವೈದ್ಯಶಾಸ್ತ್ರದ ಶಬ್ದಗಳಿಗೆ ಇಷ್ಟು ಮಾತ್ರ ಸಾಲದು. ಅಲ್ಲಿ ಶಬ್ದವನ್ನು ಕೇಳುವವನು ರೋಗಿ. ಕೇಳಿದ ಮೇಲೆ ಅವನು ಚಿಕಿತ್ಸೆಗೆ ಒಪ್ಪಬೇಕು, ಇಲ್ಲವೆ ಒಲ್ಲೆನೆನ್ನಬೇಕು. ಒಪ್ಪಿದ ಮೇಲೆ ಆ ಶಬ್ದದಿಂದ ತನಗೆ ತೋರಿದ ಅರ್ಥವನ್ನನುಸರಿಸಿ ನಡೆದುಕೊಳ್ಳುತ್ತಾನೆ. ಅರ್ಥವು ತಪ್ಪಿದರೆ ಹಾನಿಯು ಅವನ ದೇಹಕ್ಕೆ. ಮೊಣಕಾಲಿನ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಯ ತರುವಾಯ ನೋವನ್ನು ತಗ್ಗಿಸುವುದಕ್ಕಾಗಿ ವೈದ್ಯರು ನಡೆಸುವ ಒಂದು ಕ್ರಿಯೆಗೆ ಇಂಗ್ಲಿಷಿನಲ್ಲಿ ‘ನರ್ವ್ ಬ್ಲಾಕ್’ ಎಂದು ಹೆಸರು. ಅದನ್ನು ಕನ್ನಡದಲ್ಲಿ ‘ನರ ಬ್ಲಾಕ್’, ‘ನರತಡೆ’, ‘ನರಸ್ತಂಭನ’, ‘ನಾಡೀರೋಧ’ ಎಂದು ನಾನಾ ವಿಧವಾಗಿ ಹೇಳಬಹುದು. ಇವುಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದೇ ಪ್ರಕೃತ ವಿಚಾರ.

ಈ ವಿಚಾರವನ್ನು ಕಲಬುರಗಿ ಸೀಮೆಯ ನಿದರ್ಶನದಿಂದ ನಡೆಸುವುದಕ್ಕೆ ಕಾರಣವುಂಟು. ತೊಗರಿಯ ನಾಡೆನಿಸಿದ ಈ ಸೀಮೆಯಲ್ಲಿ ಮೊಣಕಾಲ ನೋವು ಮನೆಮನೆಯ ಮಾತು. ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದ, ನೆಲದ ಮೇಲೆ ಕುಳಿತು ರೊಟ್ಟಿ ಬಡಿದ ಹೆಂಗಸರು ಅರುವತ್ತರ ವಯಸ್ಸಿಗೆ ಗೋಡೆ ಹಿಡಿದು ಏಳುವುದನ್ನು ಯಾರು ಕಂಡಿಲ್ಲ? ಕಲಬುರಗಿ ನಗರದಲ್ಲಿ 1963ರಲ್ಲಿ ಸ್ಥಾಪಿತವಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಮಹಾವಿದ್ಯಾಲಯವು ಮೊದಲ್ಗೊಂಡು ವೈದ್ಯವಿದ್ಯಾಲಯಗಳೂ ಆಸ್ಪತ್ರೆಗಳೂ ಬೆಳೆದಿರುವುದರಿಂದ ಸುತ್ತಲಿನ ತಾಲೂಕುಗಳ ಜನರು ಚಿಕಿತ್ಸೆಗೆ ನಗರಕ್ಕೆ ಬರುತ್ತಾರೆ. ಕೃತಕ ಮೊಣಕಾಲಿನ ಬೆಲೆಗೆ ಭಾರತ ಸರ್ಕಾರವು 2017ನೆಯ ಆಗಸ್ಟ್ ತಿಂಗಳಿನಲ್ಲಿ ಮಿತಿಯನ್ನು ವಿಧಿಸಿ, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಲೋಹದ ಜೋಡಣೆಗೆ ತೆರಿಗೆಯನ್ನು ಬಿಟ್ಟು 54,720 ರೂಪಾಯಿಗಳೆಂದು ಅಂದು ಗೊತ್ತುಪಡಿಸಿತು. ಹಿಂದೆ ಸಿರಿವಂತರ ಮನೆಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ಈ ಚಿಕಿತ್ಸೆಯ ಮಾತು ಈಗ ಕೆಂಪು ಬಾಳೆಗೆ ಹೆಸರಾದ ಕಮಲಾಪುರದಂಥ ಊರುಗಳ ಒಕ್ಕಲು ಮನೆಗಳಲ್ಲಿಯೂ ಕೇಳುತ್ತಿದೆ. ಅಂದಮೇಲೆ ಆ ಮಾತು ಯಾವ ಕನ್ನಡದಲ್ಲಿರಬೇಕೆಂಬ ಪ್ರಶ್ನೆ ಕೇವಲ ಕೋಶಕಾರರದಲ್ಲ.

ಶಬ್ದವಿಚಾರಕ್ಕೆ ಮುನ್ನ ವಸ್ತುವಿಚಾರವನ್ನು ಮಾಡಬೇಕು. ಪದಾರ್ಥವನ್ನರಿಯದೆ ಪದವನ್ನು ತೂಗುವುದು ವ್ಯರ್ಥ. ಮೊಣಕಾಲನ್ನು ಬದಲಿಸುವುದೆಂದರೆ ಕಾಲನ್ನು ಬದಲಿಸುವುದಲ್ಲ. ಲೋಕದಲ್ಲಿ ಹೇಳುವಂತೆ ‘ಚಿಪ್ಪನ್ನು’ ಬದಲಿಸುವುದೂ ಅಲ್ಲ. ತೊಡೆಯ ಎಲುಬಿನ ಕೆಳತುದಿ, ಕಣಕಾಲ ಎಲುಬಿನ ಮೇಲ್ತುದಿ ಇವುಗಳ ಸವೆದ ಮುಖಗಳನ್ನು ಕೊಯ್ದು ತೆಗೆದು ಅಲ್ಲಿ ಲೋಹದ ಮುಖಗಳನ್ನು ಕೂಡಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಮೆತ್ತೆಯನ್ನಿಡುತ್ತಾರೆ. ಚಿಪ್ಪಿನ ಒಳಮುಖವನ್ನು ಕೆಲವರಿಗೆ ಮಾತ್ರ ಹೊದಿಸುತ್ತಾರೆ. ಎಲುಬನ್ನು ಕೊಯ್ದ ನೋವು ಮೊದಲ ಎರಡು ಮೂರು ದಿನಗಳಲ್ಲಿ ತೀವ್ರವಾಗಿರುತ್ತದೆ. ಆದರೆ ಆ ದಿನಗಳಲ್ಲಿಯೇ ರೋಗಿಯು ಮೊಣಕಾಲನ್ನು ಮಡಚಬೇಕು, ಚಾಚಬೇಕು, ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ನೋವಿಗೆ ಹೆದರಿ ಮಲಗಿದರೆ ಕೀಲು ಬಿಗಿಯುತ್ತದೆ. ರಕ್ತವು ಕಾಲಿನಲ್ಲಿ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಆದಕಾರಣ ನೋವನ್ನು ತಗ್ಗಿಸುವುದು ಸುಖಕ್ಕಾಗಿ ಮಾತ್ರವಲ್ಲದೆ ಚಿಕಿತ್ಸೆಯ ಸಿದ್ಧಿಗಾಗಿಯೂ ಬೇಕಾದುದು.

ಮೊಣಕಾಲಿನ ನೋವು ಒಂದೇ ದಾರಿಯಿಂದ ಮಿದುಳಿಗೆ ಹೋಗುವುದಿಲ್ಲ. ಮುಂಭಾಗದ ವೇದನೆಯನ್ನು ತೊಡೆಯ ಮುಂದಿನ ಫೀಮೋರಲ್ ನರವೂ ಅದರ ಶಾಖೆಗಳೂ ಮುಖ್ಯವಾಗಿ ಒಯ್ಯುತ್ತವೆ. ಹಿಂಭಾಗದ ವೇದನೆಯನ್ನು ಸಯಾಟಿಕ್ ನರದ ಶಾಖೆಗಳೂ ಆಬ್ಚುರೇಟರ್ ನರದ ಶಾಖೆಯೂ ಒಯ್ಯುತ್ತವೆ. ಈ ದಾರಿಗಳಲ್ಲಿ ಒಂದರ ಹತ್ತಿರಕ್ಕೆ, ಶಬ್ದಾತೀತ ತರಂಗಗಳ ಯಂತ್ರದಲ್ಲಿ ಚಿತ್ರವನ್ನು ನೋಡುತ್ತ, ಸೂಜಿಯನ್ನು ನಡೆಸಿ, ಬ್ಯುಪಿವಕೇನ್ ಇಲ್ಲವೆ ರೋಪಿವಕೇನ್ ಎಂಬ ಔಷಧವನ್ನು ಸುತ್ತಲೂ ಹರಡುವಂತೆ ಬಿಡುತ್ತಾರೆ. ಔಷಧವಿರುವವರೆಗೆ ಆ ನರವು ವಾರ್ತೆಯನ್ನು ಒಯ್ಯಲಾರದು. ಒಂದು ಸಲ ಕೊಟ್ಟ ಔಷಧದ ಪ್ರಭಾವವು ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನದವರೆಗೆ ನಿಲ್ಲುವುದುಂಟು. ಹೆಚ್ಚು ಕಾಲ ಬೇಕಾದರೆ ತೆಳುವಾದ ನಳಿಕೆಯನ್ನು ಅಲ್ಲಿಯೇ ಇರಿಸುತ್ತಾರೆ. ನರವನ್ನು ಕೊಯ್ಯುವುದಿಲ್ಲ, ಕಟ್ಟುವುದಿಲ್ಲ, ಸುಡುವುದಿಲ್ಲ.

ಈ ಕ್ರಿಯೆಯ ಇತಿಹಾಸವು ದೀರ್ಘವಲ್ಲ. 1884ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೊಲ್ಲರ್ ಎಂಬ ವೈದ್ಯನು ಕೊಕೇನ್ ದ್ರವದಿಂದ ಕಣ್ಣು ಮಾತ್ರ ನೋವನ್ನರಿಯದಂತೆ ಮಾಡಬಹುದೆಂದು ತೋರಿಸಿದನು. ಅದಾದ ಸ್ವಲ್ಪ ಕಾಲದಲ್ಲಿಯೇ ಅಮೆರಿಕದ ಹಾಲ್‌ಸ್ಟೆಡ್ ಎಂಬಾತನು ಅದೇ ದ್ರವವನ್ನು ನರಗಳ ಬಳಿಗೆ ಒಯ್ದನು. ಮೊಣಕಾಲಿನ ವಿಷಯದಲ್ಲಿ ಬಹುಕಾಲ ಫೀಮೋರಲ್ ನರಕ್ಕೇ ಔಷಧವನ್ನು ಕೊಡುತ್ತಿದ್ದರು. ನೋವು ಚೆನ್ನಾಗಿ ಇಳಿಯುತ್ತಿತ್ತು. ಆದರೆ ಆ ನರವು ತೊಡೆಯ ಮುಂದಿನ ಮಾಂಸಪೇಶಿಯನ್ನು ನಡೆಯಿಸುವುದೂ ಆದ್ದರಿಂದ ಅದರ ಬಲವೂ ಇಳಿದು, ಎದ್ದು ನಿಂತ ರೋಗಿಯ ಮೊಣಕಾಲು ಕುಸಿದು ಬೀಳುವ ಭಯವಿತ್ತು. ಅದಕ್ಕಾಗಿ ತೊಡೆಯ ನಡುವಿನ ‘ಅಡಕ್ಟರ್ ಕೆನಾಲ್’ ಎಂಬ ಓಣಿಯಲ್ಲಿ, ವೇದನೆಯನ್ನೊಯ್ಯುವ ಸಫೀನಸ್ ಮೊದಲಾದ ಶಾಖೆಗಳಿಗೆ ಮಾತ್ರ ಔಷಧವನ್ನು ಕೊಟ್ಟು ಪೇಶಿಯ ಬಲವನ್ನು ಬಹುಮಟ್ಟಿಗೆ ಉಳಿಸುವ ಕ್ರಮವು ಬಳಕೆಗೆ ಬಂದಿತು. ಇದರಿಂದ ಹಿಂಭಾಗದ ನೋವು ಹೋಗದು. ಅದಕ್ಕೆ ಕೀಲಿನ ಹಿಂದೆ, ರಕ್ತನಾಳಕ್ಕೂ ಕೀಲಿನ ಚೀಲಕ್ಕೂ ನಡುವೆ, ಬೇರೊಂದು ಸೂಜಿಯನ್ನು ಕೊಡುವುದುಂಟು. ಇವೆಲ್ಲದರ ಜತೆಗೆ ಗುಳಿಗೆಗಳೂ ಇರಬೇಕು.

ಇದರಿಂದ ಫಲಿತವಾದುದನ್ನು ಸಂಗ್ರಹಿಸೋಣ. ಈ ಕ್ರಿಯೆಯಲ್ಲಿ ರೋಗಿಗೆ ಅವಶ್ಯವಾಗಿ ತಿಳಿಯಬೇಕಾದ ಧರ್ಮಗಳು ನಾಲ್ಕು. ಒಂದು, ಅದು ಏಕದೇಶಿಕ. ಎಚ್ಚರವು ಅದರಿಂದ ತಪ್ಪುವುದಿಲ್ಲ. ಎರಡು, ಅದು ತಾತ್ಕಾಲಿಕ, ನರಕ್ಕೆ ನಾಶವಿಲ್ಲ. ಅಪರೂಪಕ್ಕೆ ಕೆಲವರಲ್ಲಿ ಜೋಮು ಹೆಚ್ಚು ದಿನ ನಿಲ್ಲುವುದುಂಟಾದರೂ ಅದು ಅಪವಾದ. ಮೂರು, ಅದು ಇರುವಷ್ಟು ಹೊತ್ತು ಕಾಲನ್ನು ನಂಬಿ ಒಬ್ಬರೇ ಏಳತಕ್ಕದ್ದಲ್ಲ. ನಾಲ್ಕು, ಅದು ಇಳಿಯುವಾಗ ನೋವು ಒಮ್ಮೆಲೆ ಏರಿಬರಬಹುದು; ಆದುದರಿಂದ ಇಳಿಯುವ ಮೊದಲೇ ಗುಳಿಗೆಯನ್ನು ನುಂಗಬೇಕು. ಯಾವ ಶಬ್ದವು ಈ ನಾಲ್ಕನ್ನೂ ಸೂಚಿಸುವುದೋ ಅದು ಉತ್ತಮ. ಎರಡನ್ನು ಸೂಚಿಸಿದರೆ ಮಧ್ಯಮ. ಒಂದನ್ನೂ ಸೂಚಿಸದೆ ವಿರುದ್ಧಾರ್ಥವನ್ನು ಹುಟ್ಟಿಸುವುದು ಅಧಮ.

ಮೊದಲು ‘ನರ’ ಶಬ್ದವನ್ನು ನೋಡೋಣ. ಇದು ತಮಿಳಿನ ನರಂಬು, ತೆಲುಗಿನ ನರಮು ಇವುಗಳ ಕೂಡಹುಟ್ಟು, ಅಚ್ಚಗನ್ನಡ. ಆದರೆ ರೂಢಿಯಲ್ಲಿ ಇದಕ್ಕೆ ಅರ್ಥ ಬಹಳ. ತೋಳಿನಲ್ಲಿ ಉಬ್ಬಿ ಕಾಣುವ ರಕ್ತನಾಳವೂ ನರವೇ, ಹಿಮ್ಮಡಿಯ ಮೇಲಿನ ಬಿಗಿದ ಕಂಡರವೂ ನರವೇ, ವೇದನೆಯನ್ನೊಯ್ಯುವ ತಂತುವೂ ನರವೇ. ‘ನರಕ್ಕೆ ಸೂಜಿ ಹಾಕಿದರು’ ಎಂದು ಹಳ್ಳಿಯವರು ಹೇಳಿದರೆ ರಕ್ತನಾಳಕ್ಕೆ ಔಷಧವನ್ನು ಕೊಟ್ಟರೆಂದೇ ಅರ್ಥ. ಹಾಗಾದರೆ ಸಂಸ್ಕೃತಕ್ಕೆ ಹೋಗೋಣವೆಂದರೆ ಅಲ್ಲಿಯೂ ತೊಡಕು. ‘ಸ್ನಾಯು’ ಎಂಬುದನ್ನು ಸುಶ್ರುತನು ಕೀಲುಗಳನ್ನು ಕಟ್ಟಿಹಿಡಿಯುವ ಬಂಧಗಳೆಂಬ ಅರ್ಥದಲ್ಲಿ ಪ್ರಯೋಗಿಸಿದ್ದಾನೆ. ಹಲಗೆಗಳನ್ನು ಹಗ್ಗಗಳಿಂದ ಬಿಗಿದ ದೋಣಿಯು ಭಾರವನ್ನು ಹೊರುವಂತೆ ಶರೀರವು ಸ್ನಾಯುಗಳಿಂದ ಬಿಗಿಯಲ್ಪಟ್ಟು ಭಾರವನ್ನು ಹೊರುವುದೆಂದು ಅವನ ದೃಷ್ಟಾಂತ. ಅದೇ ಶಬ್ದವು ಹಿಂದಿಯಲ್ಲಿ ನರ್ವ್ ಎಂಬರ್ಥಕ್ಕೆ ಬಳಕೆಯಾಗುವುದು. ಕನ್ನಡದ ಪಾಠಪುಸ್ತಕಗಳಲ್ಲಿ ಮಾಂಸಪೇಶಿಯೆಂಬರ್ಥಕ್ಕೆ ನಿಂತಿದೆ. ‘ನಾಡಿ’ಯೆಂದರೆ ಜನರು ಕೈಯನ್ನು ಮುಂದೆ ಚಾಚುವರು, ಅವರಿಗೆ ಅದು ವೈದ್ಯನು ಹಿಡಿದು ನೋಡುವ ಮಿಡಿತ. ಆದಕಾರಣ ‘ನಾಡೀರೋಧ’ವೆಂದರೆ ಪ್ರಾಣವೇ ನಿಂತಂತೆ ಕೇಳಿಸುತ್ತದೆ. ಇವುಗಳಲ್ಲಿ ‘ನರ’ವೇ ಇದ್ದುದರಲ್ಲಿ ಮೇಲು, ಆದರೆ ಅದಕ್ಕೆ ಜತೆಗೂಡುವ ಎರಡನೆಯ ಪದವು ಅದರ ಅತಿವ್ಯಾಪ್ತಿಯನ್ನು ತಿದ್ದುವಂತಿರಬೇಕು.

ಆ ಎರಡನೆಯ ಪದ ‘ಬ್ಲಾಕ್’ ಆದಾಗ ಅನರ್ಥವು ಇಮ್ಮಡಿಯಾಗುತ್ತದೆ. ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ದಾರಿಯನ್ನು ಅಡ್ಡಗಟ್ಟುವುದೆಂಬ ಸಾಮಾನ್ಯಾರ್ಥವಿದೆ. ಆದರೆ ಕನ್ನಡಿಗರ ಕಿವಿಗೆ ಅದು ಬಂದದ್ದು ಹೃದ್ರೋಗದ ಮೂಲಕ. ‘ಹಾರ್ಟಿನಾಗ ಎರಡು ಬ್ಲಾಕ್ ಅವ’ ಎಂಬ ಮಾತನ್ನು ಕೇಳದ ಮನೆ ಇಂದು ವಿರಳ. ಕನ್ನಡದಲ್ಲಿ ‘ಬ್ಲಾಕ್’ ಎಂದರೆ ವ್ಯಾಧಿ, ತೆಗೆಯಿಸಿಕೊಳ್ಳಬೇಕಾದದ್ದು. ‘ನರ’ ರಕ್ತನಾಳ, ‘ಬ್ಲಾಕ್’ ವ್ಯಾಧಿ. ಎರಡೂ ಕೂಡಿದರೆ ‘ನರ ಬ್ಲಾಕ್ ಮಾಡುತ್ತೇವೆ’ ಎಂಬ ವೈದ್ಯನ ಸದ್ವಾಕ್ಯವು ‘ರಕ್ತನಾಳವನ್ನು ಕೆಡಿಸುತ್ತೇವೆ’ ಎಂಬ ಅರ್ಥವನ್ನು ತಾಳುತ್ತದೆ. ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬುದು ಶಾಸ್ತ್ರಜ್ಞರಿಗೆ ಹೊಸದೇನಲ್ಲ.

ಇದು ಕಲ್ಪಿತ ದೋಷವಲ್ಲವೆಂಬುದಕ್ಕೆ ನಾವು ಕೇಳಿದ ಒಂದು ಮಾತನ್ನು ಉದಾಹರಿಸಬಹುದು. ಕಮಲಾಪುರದ ಒಬ್ಬ ವೃದ್ಧೆ, ನಮ್ಮ ಬಂಧುವರ್ಗದವರೇ, ನಗರದ ಒಂದು ಆಸ್ಪತ್ರೆಯಲ್ಲಿ ಒಪ್ಪಿಗೆಯ ಕಾಗದವನ್ನು ಓದಿ ಹೇಳಿದಾಗ ಮಗನ ಕಡೆಗೆ ತಿರುಗಿ, “ಯಪ್ಪಾ, ಕಾಲ್ ಸುದ್ದ ಮಾಡ್ತೀವಂದು ಕರಕೊಂಡು ಬಂದು ಇದ್ದ ನರಾನೂ ಬ್ಲಾಕ್ ಮಾಡ್ತಾರಂತಲ್ಲೋ, ಮುಂದ ನಾ ನಡೀಲಿ ಹ್ಯಾಂಗ?” ಎಂದರು. ಅಲ್ಲಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ. ಕಾಗದದ ಮೇಲಿದ್ದ ಶಬ್ದಗಳಿಂದ ನ್ಯಾಯವಾಗಿ ಹೊರಡಬೇಕಾದ ಅರ್ಥವನ್ನೇ ಆಕೆ ಹೊರಡಿಸಿದ್ದರು. ತಪ್ಪು ಕೇಳಿದವರದಲ್ಲ, ಶಬ್ದದ್ದು.

ಇನ್ನು ‘ಸ್ತಂಭನ’. ಇದು ಪಂಡಿತರಿಗೆ ಪ್ರಿಯವಾಗತಕ್ಕ ಪದ. ಗಾಂಭೀರ್ಯವೂ ಇದೆ, ಸಮಾಸದಲ್ಲಿಯೂ ಸುಖವಾಗಿ ಕೂಡುತ್ತದೆ. ಆದರೂ ನಾವು ಇದನ್ನು ಒಪ್ಪಲಾರೆವು. ಚರಕಸಂಹಿತೆಯಲ್ಲಿ ‘ಊರುಸ್ತಂಭ’ವೆಂಬುದು ಒಂದು ರೋಗದ ಹೆಸರು. ಅದರಲ್ಲಿ ತೊಡೆಗಳು ಭಾರವಾಗಿ, ತನ್ನವಲ್ಲದೆ ಪರರವೆಂಬಂತೆ ರೋಗಿಗೆ ತೋರುವುವು. ತೊಡೆಯಲ್ಲಿಯೇ ಔಷಧವನ್ನಿಡುವ ಕ್ರಿಯೆಯನ್ನು ‘ಸ್ತಂಭನ’ವೆಂದು ಕರೆದರೆ, ಆಯುರ್ವೇದವನ್ನು ಬಲ್ಲವನಿಗೆ ವೈದ್ಯನೇ ರೋಗವನ್ನು ಉಂಟುಮಾಡುವನೆಂಬ ಭ್ರಾಂತಿ, ಬಲ್ಲದವನಿಗೆ ಮಂತ್ರವಾದಿಯ ಸ್ತಂಭನವಿದ್ಯೆಯ ನೆನಪು. ಮೇಲಾಗಿ ಸ್ತಂಭವು ಚಲನೆಯ ನಿಲುಗಡೆ. ಇಲ್ಲಿ ಉದ್ದೇಶವು ವೇದನೆಯ ನಿಲುಗಡೆ. ಚಲನೆಯನ್ನು ಉಳಿಸುವುದಕ್ಕಾಗಿಯೇ ವೈದ್ಯರು ಸೂಜಿಯ ಸ್ಥಾನವನ್ನು ತೊಡೆಸಂದಿಯಿಂದ ತೊಡೆಯ ನಡುವಿಗೆ ಇಳಿಸಿರುವಾಗ, ಹೆಸರು ಅದಕ್ಕೆ ವಿರುದ್ಧವಾಗಿ ಸಾರುವುದು ಅಸಂಭವದೋಷಕ್ಕೆ ಸಮೀಪವಾದುದು.

‘ಅರಿವಳಿಕೆ’ ಎಂಬುದು ಅಂದವಾದ ಕನ್ನಡ ಶಬ್ದ. ಈಗ ಚೆನ್ನಾಗಿ ಬೇರೂರಿದೆ. ಆದರೆ ಪ್ರಕೃತಕ್ಕೆ ಅದು ಅತಿವ್ಯಾಪ್ತವಾಗುತ್ತದೆ. ಅರಿವು ಅಳಿಯುವುದೆಂದರೆ ಕೇಳುವವನಿಗೆ ಮೊದಲು ತೋರುವುದು ಮೈಮರೆವು. ‘ನರತಡೆ’ ಎಂಬುದಕ್ಕೆ ವ್ಯಾಕರಣದ ದೋಷವಿಲ್ಲ. ತಡೆಯನ್ನು ತೆಗೆಯಬಹುದೆಂಬ ಭಾವವೂ ಅದರಲ್ಲಿ ಸ್ವಲ್ಪಮಟ್ಟಿಗುಂಟು. ಗ್ರಂಥಗಳಲ್ಲಿ, ವೈದ್ಯರ ಪರಸ್ಪರ ವ್ಯವಹಾರದಲ್ಲಿ ಅದು ನಿಲ್ಲಲಿ, ಅದು ಮಧ್ಯಮ. ರೋಗಿಯ ಮುಂದೆ ಅದೂ ಮೂಕವೇ. ಏಳಬೇಡವೆಂದು ಅದು ಹೇಳದು, ಗುಳಿಗೆಯನ್ನು ನುಂಗೆಂದು ಹೇಳದು.

ಇಲ್ಲಿ ಎರಡು ಪೂರ್ವಪಕ್ಷಗಳನ್ನು ಪರಿಹರಿಸಬೇಕು. ನಮ್ಮವರಲ್ಲಿ ಕೆಲವರು, ಇವೆಲ್ಲವೂ ಪ್ರಾಚೀನರಿಗೆ ತಿಳಿದಿದ್ದುವು, ಆ ಗ್ರಂಥಗಳಿಂದಲೇ ಶಬ್ದವನ್ನು ತೆಗೆದುಕೊಂಡರೆ ಸಾಕು ಎನ್ನುವರು. ಪ್ರಾಚೀನರ ಗೌರವವು ನಮಗೂ ಇದೆ. ಆ ಗ್ರಂಥಗಳ ಅಧ್ಯಯನದಲ್ಲಿಯೇ ನಮ್ಮ ಬಾಲ್ಯವು ಕಳೆದಿದೆ. ಸಂಧಿಗತವಾದ ವಾತದಲ್ಲಿ ಕೀಲು ಗಾಳಿ ತುಂಬಿದ ತೊಗಲಚೀಲದಂತೆ ಮುಟ್ಟುವುದಕ್ಕೆ ತೋರುವುದೆಂದೂ, ಚಾಚಿ ಮಡಚುವಾಗ ನೋಯುವುದೆಂದೂ ಚರಕನು ಹೇಳಿದ್ದಾನೆ. ಜಾನುವನ್ನು ಸುಶ್ರುತನು 107 ಮರ್ಮಗಳಲ್ಲಿ ಎಣಿಸಿ, ಅಲ್ಲಿ ಪೆಟ್ಟಾದರೆ ಕುಂಟುತನವು ಬರುವುದೆಂದಿದ್ದಾನೆ. ಶಸ್ತ್ರಕರ್ಮಕ್ಕೆ ಮುನ್ನ ರೋಗಿಗೆ ಊಟವನ್ನೂ, ಮದ್ಯವನ್ನು ಕುಡಿಯುವವನಾದರೆ ತೀಕ್ಷ್ಣವಾದ ಮದ್ಯವನ್ನೂ ಕೊಡಬೇಕೆಂದು ವಿಧಿಸಿದ್ದಾನೆ. ಆ ಮತ್ತಿನಲ್ಲಿ ಶಸ್ತ್ರವು ತಿಳಿಯದಿರಲಿ ಎಂದು. ಇದು ಕರುಣೆಯ ಮಾತು, ಅನುಭವದ ಮಾತು. ಆದರೆ ಮದ್ಯವು ಇಡೀ ಮನುಷ್ಯನನ್ನು ಮರೆಸುತ್ತಿತ್ತು. ಒಂದು ನರವನ್ನು ಮಾತ್ರ ಒಂದು ರಾತ್ರಿಯ ಮಟ್ಟಿಗೆ ಮರೆಸುವ ಉಪಾಯವು ಅವರಲ್ಲಿರಲಿಲ್ಲ. ಇಲ್ಲದುದನ್ನು ಉಂಟೆಂದರೆ ಪ್ರಾಚೀನರಿಗೆ ಗೌರವವು ಹೆಚ್ಚುವುದಿಲ್ಲ. ವಸ್ತುವಿಲ್ಲದ ಕಡೆ ಶಬ್ದವನ್ನು ಹುಡುಕಿದಂತಾಗುವುದು.

ಎರಡನೆಯ ಪಕ್ಷದವರು, ಪರಿಭಾಷೆ ವೈದ್ಯನಿಗೆ ಬೇಕಾದದ್ದು, ಅವನಿಗೆ ಇಂಗ್ಲಿಷ್ ಸಾಕು, ರೋಗಿಗೆ ಇಷ್ಟು ವಿಚಾರವೇತಕ್ಕೆ ಎನ್ನುವರು. ಅವರಿಗೆ ನಮ್ಮ ಉತ್ತರ ಸಂಕ್ಷೇಪವಾದುದು. ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುವವನು ರೋಗಿ. ಅಪರಾತ್ರಿಯಲ್ಲಿ ನೀರುಮನೆಗೆ ಹೋಗಲೆಂದು ಮಂಚದಿಂದ ಕಾಲಿಳಿಸುವವನೂ ರೋಗಿಯೇ. ಆ ಹೊತ್ತಿಗೆ ವೈದ್ಯನು ಬಳಿಯಲ್ಲಿರುವುದಿಲ್ಲ. ಅವನು ಹೇಳಿಹೋದ ಶಬ್ದವೊಂದೇ ಇರುತ್ತದೆ. ಮತ್ತೆ, ನೋವೇ ಇಲ್ಲವಲ್ಲ ಎಂದು ಗುಳಿಗೆಯನ್ನು ಬದಿಗಿಟ್ಟು ಮಲಗಿದವನು ಬೆಳಗಿನ ಜಾವದಲ್ಲಿ ಔಷಧವು ಇಳಿದು ನೋವು ನುಗ್ಗಿಬಂದಾಗ, ಶಸ್ತ್ರಚಿಕಿತ್ಸೆಯೇ ಕೆಟ್ಟಿತೆಂದು ಗೋಳಾಡುವನು. ಇವೆರಡೂ ಅಜ್ಞಾನದಿಂದ ಬರುವ ದುಃಖಗಳು. ಒಳ್ಳೆಯ ಮಾತಿನಿಂದ ಬಹುಮಟ್ಟಿಗೆ ತಪ್ಪಿಸಬಹುದಾದುವು.

ಹಾಗಾದರೆ ಸಿದ್ಧಾಂತವೇನು? ನಮ್ಮ ಅಭಿಪ್ರಾಯದಲ್ಲಿ ಬೇಕಾದ ಶಬ್ದವು ಕೋಶದಲ್ಲಿಲ್ಲ, ಅಡಿಗೆಮನೆಯಲ್ಲಿದೆ. ಅದು ‘ಜೋಮು’. ಕಾಲು ಮಡಚಿ ಬಹಳ ಹೊತ್ತು ಕುಳಿತವನ ಕಾಲಿಗೆ ಹಿಡಿಯುವ ಜೋಮನ್ನು ಅರಿಯದವರು ಲೋಕದಲ್ಲಿಲ್ಲ. ಮೇಲೆ ಹೇಳಿದ ನಾಲ್ಕು ಧರ್ಮಗಳನ್ನು ಇದರಲ್ಲಿ ಪರೀಕ್ಷಿಸಿರಿ. ಜೋಮು ಒಂದು ಅಂಗಕ್ಕೆ ಹಿಡಿಯುತ್ತದೆ, ಎಚ್ಚರವು ತಪ್ಪುವುದಿಲ್ಲ. ಅದು ಬಂದು ಹೋಗುವಂಥದು. ಜೋಮು ಹಿಡಿಯಿತೆಂದು ಕಾಲು ಹೋಯಿತೆಂದು ಯಾರೂ ಅಳುವುದಿಲ್ಲ. ಜೋಮು ಹಿಡಿದ ಕಾಲಿನ ಮೇಲೆ ಯಾರೂ ಥಟ್ಟನೆ ಎದ್ದು ನಿಲ್ಲರು. ಎದ್ದರೆ ಬೀಳುವೆವೆಂಬುದು ಮಕ್ಕಳಿಗೂ ಗೊತ್ತು. ಇನ್ನು ಜೋಮು ಬಿಡುವಾಗ ಸೂಜಿಯಿಂದ ಚುಚ್ಚಿದಂತಾಗುವುದು ಎಲ್ಲರ ಅನುಭವ. ನಾಲ್ಕು ಧರ್ಮಗಳನ್ನೂ ಒಂದೇ ಪದವು ವ್ಯಾಖ್ಯಾನವಿಲ್ಲದೆ ತಿಳಿಸುತ್ತದೆ. ಪಾರಿಭಾಷಿಕ ಶಬ್ದಕ್ಕೆ ಇದಕ್ಕಿಂತ ಹೆಚ್ಚಿನ ಯೋಗ್ಯತೆ ಏನು ಬೇಕು? ಆದುದರಿಂದ ಈ ಕ್ರಿಯೆಯನ್ನು ರೋಗಿಯ ಮುಂದೆ ‘ಜೋಮಿನ ಸೂಜಿ’ ಎಂದು ಕರೆಯಬೇಕೆಂದು ನಮ್ಮ ಸೂಚನೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ನೋಡಬೇಕು. ಸಕ್ಕರೆರೋಗದವರ ಪಾದಗಳಿಗೆ ಹಿಡಿಯುವ ಜೋಮು ವ್ಯಾಧಿಯೇ ಅಲ್ಲವೇ, ‘ಬ್ಲಾಕ್’ ಶಬ್ದಕ್ಕೆ ಹೇಳಿದ ದೋಷವು ಇದಕ್ಕೂ ಬಾರದೇ ಎಂದರೆ, ಸ್ವಲ್ಪಮಟ್ಟಿಗೆ ಬರುವುದು ನಿಜ. ಆದರೆ ಜೋಮಿನ ಮುಖ್ಯಾರ್ಥವು ಬಂದುಹೋಗುವ ಜೋಮು. ವ್ಯಾಧಿಯ ಜೋಮನ್ನು ಹೇಳುವಾಗ ‘ಬಿಡದ ಜೋಮು’ ಎಂದು ವಿಶೇಷಣವನ್ನು ಹಚ್ಚಬೇಕಾಗುತ್ತದೆ. ಎರಡನೆಯ ಆಕ್ಷೇಪವು ಹೆಚ್ಚು ಗಟ್ಟಿಯಾದುದು: ಜೋಮೆಂದು ಕೇಳಿದ ರೋಗಿಯು ವೈದ್ಯನು ನಡೆಯೆಂದಾಗಲೂ ಹೆದರಿ ಏಳದಿದ್ದರೆ? ಓಣಿಯ ಕ್ರಮದಲ್ಲಿ ಪೇಶಿಯ ಬಲವು ಉಳಿದಿರುವುದರಿಂದ ಅದೇ ದಿನವೋ ಮರುದಿನವೋ ಆಸರೆಯೊಡನೆ ನಡೆಯಿಸುವರಲ್ಲವೇ? ಇದಕ್ಕೆ ಶಬ್ದವೊಂದೇ ಪರಿಹಾರವಾಗದು, ವಾಕ್ಯವು ಬೇಕು. ಆಕಾಂಕ್ಷೆಯು ತೀರುವುದು ವಾಕ್ಯದಲ್ಲಿಯೇ ಹೊರತು ಪದದಲ್ಲಿ ಅಲ್ಲ.

ಅಂಥ ವಾಕ್ಯಗಳು ಸೀಮೆಯ ಮಾತಿನಲ್ಲಿಯೇ ಇರಬೇಕು. ಮೈಸೂರಿನ ಕಡೆ ‘ಮಂಡಿ’ ಎಂದು ಅಚ್ಚಾದ ಕಾಗದವನ್ನು ‘ಮೊಣಕಾಲು’ ಎನ್ನುವ ಜನರ ಮುಂದೆ ಓದಿದರೆ ಅರ್ಥವು ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ. ಕಲಬುರಗಿಯಲ್ಲಿ ಹೀಗೆ ಹೇಳಬಹುದು: “ಅವ್ವಾರ, ನಿಮ್ಮ ತೊಡಿಗಿ ಒಂದು ಜೋಮಿನ ಸೂಜಿ ಕೊಡ್ತೀವ್ರಿ. ನರಕ್ಕ ಏನೂ ಆಗಂಗಿಲ್ಲ, ನಾಳಿ ತನಕ ನೋವಷ್ಟ ಕಡಿಮಿ ಇರ್ತದ. ಹಿಂದಿನ ಕಡಿ ಸ್ವಲ್ಪ ನೋವು ಉಳೀಬಹುದು. ನಾವು ಹಿಡಕೊಂಡಾಗ ನಡೀರಿ, ಒಬ್ಬರೇ ಏಳಬ್ಯಾಡ್ರಿ. ಜೋಮು ಬಿಡೂ ಮುಂಚೇನೇ ಗುಳಿಗಿ ತಗೋರಿ. ಕಿವ್ಯಾಗ ಗುಂಯ್ ಅಂದ್ರ, ತುಟಿಗಿ ಜೋಮು ಬಂದ್ರ ಲಗೂನ ಹೇಳ್ರಿ.” ಕೊನೆಯ ಮಾತು ಔಷಧವು ರಕ್ತದಲ್ಲಿ ಹೆಚ್ಚಾದರೆ ಕಾಣುವ ಲಕ್ಷಣಗಳನ್ನು ಕುರಿತದ್ದು, ಅಪರೂಪವಾದರೂ ಹೇಳಿಡತಕ್ಕದ್ದು. ಇಲ್ಲಿ ಸಂಸ್ಕೃತದ ಸಮಾಸವೊಂದೂ ಇಲ್ಲ; ಶಾಸ್ತ್ರದ ಅಂಶವೊಂದೂ ಬಿಟ್ಟುಹೋಗಿಲ್ಲ. ಉರ್ದು ಮಾತಿನ ಮನೆಗಳಲ್ಲಿ ‘ಸುನ್’ ಎಂದರೆ ಇದೇ ಅರ್ಥವು ಸಿದ್ಧವಾಗಿದೆ. ಅದು ಸಂಸ್ಕೃತದ ಶೂನ್ಯ ಶಬ್ದದಿಂದಲೇ ಇಳಿದುಬಂದುದು, ನಮ್ಮ ಸೊನ್ನೆಯ ದಾಯಾದಿ. ಅದನ್ನು ಬಳಸುವುದಕ್ಕೆ ಯಾವ ಪಂಡಿತನೂ ಸಂಕೋಚಪಡಬೇಕಾಗಿಲ್ಲ.

ಪರಿಭಾಷೆಯ ರಚನೆಯಲ್ಲಿ ತೊಡಗಿರುವ ವೈದ್ಯರೂ ಭಾಷಾವಿದರೂ ಗ್ರಂಥದ ಶಬ್ದ ಬೇರೆ, ಮಂಚದ ಬಳಿಯ ಶಬ್ದ ಬೇರೆ ಎಂಬ ವಿವೇಕವನ್ನಿಟ್ಟುಕೊಂಡು, ಎರಡನ್ನೂ ಕೋಶದಲ್ಲಿ ಜತೆಯಾಗಿ ಅಚ್ಚುಹಾಕಿಸಬೇಕೆಂದು ಬಿನ್ನವಿಸುತ್ತೇವೆ. ‘ನರತಡೆ’ಯ ಮುಂದೆ ‘ಜೋಮಿನ ಸೂಜಿ’ಯನ್ನು ಬರೆಯುವುದರಿಂದ ಕೋಶದ ಘನತೆಗೆ ಕುಂದಿಲ್ಲ. ಒಪ್ಪಿಗೆಯ ಕಾಗದಗಳನ್ನು ಬರೆಯಿಸುವವರು ಬರೆದುದನ್ನು ಮೊದಲು ಅಕ್ಷರವರಿಯದ ಒಬ್ಬ ಹಿರಿಯಳಿಗೆ ಓದಿ ಕೇಳಿಸಿ, ಆಕೆಯು ಏನನ್ನು ತಿಳಿದಳೆಂದು ಆಕೆಯ ಬಾಯಿಂದಲೇ ಹೇಳಿಸಿ, ಆಮೇಲೆ ಅಚ್ಚಿಗೆ ಕೊಡಲಿ. ಅದಕ್ಕಿಂತ ಕಠಿನವಾದ ವಿಮರ್ಶಕರನ್ನು ನಾವು ತೋರಿಸಲಾರೆವು.